ಬಾಣಾವರಕ್ಕೆ ಬರುತ್ತಿದ್ದ ಒ.ಟಿ.ಪಿ.

ಬೇಲೂರಿನಲ್ಲಿ ನಮಗಾಗಿ ಏರ್ಪಾಡಾಗಿದ್ದ ಆ ತರಬೇತಿಯ ಹೆಸರು ‘ಶಿಕ್ಷಕರ ಡಿಜಿಟಲ್ ಕೌಶಲ ಮತ್ತು ಸಾಮಾಜಿಕ ಸುಸ್ಥಿರತೆ’. ಅರಸೀಕೆರೆ ಮತ್ತು ಬೇಲೂರು ತಾಲ್ಲೂಕುಗಳ ಆಯ್ದ ಶಿಕ್ಷಕರನ್ನು ಒಟ್ಟುಗೂಡಿಸಿ ಒಂದು ಸಭಾಂಗಣದಲ್ಲಿ ಕೂರಿಸಿದ್ದರು. ಆಯ್ದವರು ಎಂದರೆ, ಯಾರು ಇಲ್ಲದಿದ್ದರೂ ಶಾಲೆ ನಡೆಯುತ್ತದೆಯೋ ಅವರು. ನಮ್ಮ ಶಾಲೆಯಿಂದ ಮುಖ್ಯ ಶಿಕ್ಷಕರೇ ಬಂದಿದ್ದರು. ಜೊತೆಗೆ ನನ್ನನ್ನೂ ಕರೆತಂದಿದ್ದರು.

ಸುಸ್ಥಿರತೆ ಎಂಬ ಪದದ ಅರ್ಥವನ್ನು ನಾನು ಹಿಂದಿನ ದಿನವೇ ನಿಘಂಟಿನಲ್ಲಿ ನೋಡಿಕೊಂಡು ಹೋಗಿದ್ದೆ. ನಮ್ಮ ಮನೆತನದಲ್ಲಿ ಪದವಿ ಪಡೆದವರಲ್ಲಿ ನಾನೇ ಮೊದಲನೆಯವಳು. ಅರ್ಥ ತಿಳಿಯದ ಪದವೊಂದು ಎದುರಿಗೆ ಬಂದು ನಿಂತರೆ, ಅದು ನನ್ನನ್ನು ಹೊರಗೆ ಕಳುಹಿಸಲೆಂದೇ ಬಂದ ಜವಾನನಂತೆ ಕಾಣುತ್ತದೆ. ನನ್ನ ಸಹೋದ್ಯೋಗಿಗಳಿಗೆ ಅಂತಹ ಭಯವಿರಲಿಲ್ಲ. ಉಪ್ಪಿಟ್ಟಿನ ಜೊತೆ ಕೇಸರಿಬಾತ್ ಇದೆಯೋ ಇಲ್ಲವೋ ಎಂಬುದರಾಚೆ ಅವರು ಅಂದು ತಿಳಿದುಕೊಳ್ಳಬೇಕಾದದ್ದು ಏನೂ ಇರಲಿಲ್ಲ.

ತರಬೇತಿ ಕೊಡುವವರನ್ನು ನಮ್ಮಲ್ಲಿ ಸಂಪನ್ಮೂಲ ವ್ಯಕ್ತಿ ಎಂದು ಕರೆಯುವುದು ವಾಡಿಕೆ. ಅಂದಿನ ಸಂಪನ್ಮೂಲ ವ್ಯಕ್ತಿಯು ಪರದೆಯ ಮೇಲಿದ್ದುದನ್ನು ನಮಗಿಂತ ಸ್ವಲ್ಪ ನಿಧಾನವಾಗಿ ಓದಬಲ್ಲವರಾಗಿದ್ದರು. ಪರದೆಯ ಮೇಲೆ ಒಂದು ಮರದ ಚಿತ್ರವಿತ್ತು. ಅದರ ಬೇರುಗಳಿಗೆ ಸಮಾನತೆ, ಸಹಭಾಗಿತ್ವ, ಒಳಗೊಳ್ಳುವಿಕೆ ಎಂದು ಹೆಸರಿಟ್ಟಿದ್ದರು. ಕೊಂಬೆಗಳಲ್ಲಿ ಹಣ್ಣಿನ ಬದಲು ಮೊಬೈಲುಗಳು ತೂಗುತ್ತಿದ್ದವು. “ಶಿಕ್ಷಕರ ಬೆರಳ ತುದಿಯ ಮೇಲೆ ಸಮಾಜ ನಿಂತಿದೆ” ಎಂದು ಅವರು ಹೇಳಿದಾಗ ಮುಂದಿನ ಸಾಲಿನವರು ಅದನ್ನು ಬರೆದುಕೊಂಡರು. ಹಿಂದಿನ ಸಾಲಿನಲ್ಲಿದ್ದ ಗೆಂಡೆಹಳ್ಳಿ ಕಡೆಯ ಮೇಷ್ಟರೊಬ್ಬರು, “ಬೆರಳ ತುದೀಲಿ ನಿಂತೈತಂತೆ, ಯಾರೂ ಉಗುರು ಕತ್ತರಿಸ್ಬ್ಯಾಡ್ರಪ್ಪ” ಎಂದರು. ಆ ಸಭಾಂಗಣದಲ್ಲಿ ನಾನು ಕೇಳಿದ ಬುದ್ಧಿವಂತಿಕೆಯ ಮಾತು ಅದೊಂದೇ.

ಆ ಹೊತ್ತಿನಲ್ಲಿ ಕಿಟಕಿಯ ಕಟ್ಟೆಯ ಮೇಲೆ ಏನು ನಡೆಯುತ್ತಿತ್ತು ಎಂಬುದನ್ನೂ ಹೇಳಬೇಕು. ಶಿಕ್ಷಕರು ಮುಗಿಸಲೇಬೇಕಾದ ಆನ್‌ಲೈನ್ ಕೋರ್ಸುಗಳು ಆಗಾಗ ಬರುತ್ತವೆ. ವಿಡಿಯೊ ಕೊನೆಯವರೆಗೂ ಓಡಿದರೆ ಮಾತ್ರ ಪ್ರಮಾಣಪತ್ರ ಸಿಗುತ್ತದೆ. ಯಾರಾದರೂ ನೋಡಿದರೇ ಎಂದು ವಿಡಿಯೊ ಕೇಳುವುದಿಲ್ಲ. ಆದ್ದರಿಂದ ನಮ್ಮ ಕಡೆ ಒಂದು ಪದ್ಧತಿ ಬೆಳೆದಿದೆ: ಸಭೆಗೆ ಹೋದಾಗ ಎಲ್ಲರೂ ಮೊಬೈಲಿನ ಧ್ವನಿಯನ್ನು ಮುಚ್ಚಿ, ವಿಡಿಯೊ ಹಚ್ಚಿ, ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ಒರಗಿಸಿಟ್ಟುಬಿಡುತ್ತಾರೆ. ಅಂದು ಒಳಗೆ ಒಂದು ಡಿಜಿಟಲ್ ತರಬೇತಿ ನಡೆಯುತ್ತಿರುವಾಗಲೇ ಕಿಟಕಿಯ ಬಳಿ ಇನ್ನೊಂದು ಡಿಜಿಟಲ್ ತರಬೇತಿಯು ಎದುರಿನ ಖಾಲಿ ಗೋಡೆಗೆ ಪಾಠ ಹೇಳುತ್ತಿತ್ತು. ಎರಡರಲ್ಲಿ ಯಾವುದು ಹೆಚ್ಚು ವ್ಯರ್ಥವೆಂದು ಯಾರಾದರೂ ಕೇಳಿದ್ದರೆ ನಾನು ಉತ್ತರಿಸಲು ತಡಬಡಿಸುತ್ತಿದ್ದೆ. ಗೋಡೆಯಾದರೂ ಉಪ್ಪಿಟ್ಟು ಕೇಳುವುದಿಲ್ಲ.

ನಮ್ಮ ಮುಖ್ಯ ಶಿಕ್ಷಕರ ಮೊಬೈಲೂ ಆ ಸಾಲಿನಲ್ಲಿತ್ತು. ವಿಡಿಯೊ ಹಚ್ಚಿಕೊಟ್ಟವಳು ನಾನೇ. ಅವರು ಕೆಟ್ಟವರಲ್ಲ, ಕೆಟ್ಟವರಾಗಿದ್ದರೆ ಬರೆಯುವುದು ಸುಲಭವಾಗುತ್ತಿತ್ತು. ಅವರ ಅಕ್ಷರ ಮುತ್ತಿನಂತಿರುತ್ತದೆ. ಕಂಪ್ಯೂಟರಿನ ವಿಷಯ ಬಂದಾಗ ಮಾತ್ರ, “ನಂಗೆ ಅವೆಲ್ಲ ಬರಲ್ಲ ಮೇಡಂ” ಎನ್ನುತ್ತಾರೆ. ಮಾಂಸ ತಿನ್ನುವುದಿಲ್ಲ ಎಂದು ಹೇಳುವವರ ಧ್ವನಿಯಲ್ಲಿ ಅದನ್ನು ಹೇಳುತ್ತಾರೆ. ಶಾಲೆಗೆ ಸೇರಿದ ಹೊಸದರಲ್ಲಿ ನಾನು ಅದನ್ನು ವಿನಯವೆಂದು ತಿಳಿದಿದ್ದೆ. ಶಾಲೆಗಳಲ್ಲಿ ಬಲ್ಲವರಿಗೆ ಕೆಲಸ ಬೀಳುತ್ತದೆ, ಬಾರದವರಿಗೆ ವಿಶ್ರಾಂತಿ ಸಿಗುತ್ತದೆ. ಹೀಗಿರುವಾಗ ಬಾರದು ಎಂಬುದನ್ನು ಪಿತ್ರಾರ್ಜಿತ ತೋಟದಂತೆ ಬೇಲಿ ಹಾಕಿ ಕಾಯ್ದುಕೊಳ್ಳುವುದರಲ್ಲಿ ಆಶ್ಚರ್ಯವೇನು? ಮಕ್ಕಳ ಹಾಲು, ಮೊಟ್ಟೆ, ಶೂ, ಎತ್ತರ, ತೂಕ ಎಲ್ಲವನ್ನೂ ಮೊಬೈಲಿಗೆ ತುಂಬುವವಳು ನಾನು. ಮುಖ್ಯ ಶಿಕ್ಷಕರ ಲಾಗಿನ್ ಮಾತ್ರ ನನ್ನ ಕೈಗೆ ಸಿಗುತ್ತಿರಲಿಲ್ಲ. ಅದು ಅವರ ಕೈಯಲ್ಲೂ ಇರಲಿಲ್ಲ. ಅದು ಬಾಣಾವರದಲ್ಲಿತ್ತು.

ಚಹಾ ಬರುವ ಹೊತ್ತಿಗೆ ನನ್ನ ಮೊಬೈಲು ಅಲುಗಿತು. ಆ ವರ್ಷ ನಮ್ಮ ಶಾಲೆಯಲ್ಲಿ ಏಳನೆಯ ತರಗತಿ ಮುಗಿಸಿದ ಹುಡುಗಿಯೊಬ್ಬಳ ತಾಯಿ. ನಮ್ಮದು ಜಾವಗಲ್ಲಿನಿಂದ ಒಳಗಿರುವ ಹಳ್ಳಿ. ಏಳರವರೆಗೆ ಮಾತ್ರ ಶಾಲೆಯಿದೆ. ಆ ಹುಡುಗಿಗೆ ಹಳೇಬೀಡಿನ ಹೈಸ್ಕೂಲಿನಲ್ಲಿ ಜಾಗವೂ, ಅಲ್ಲಿನ ಹಾಸ್ಟೆಲಿನಲ್ಲಿ ಒಂದು ಮಂಚವೂ ಸಿಕ್ಕಿತ್ತು. ತಾಯಿ ಕೊಬ್ಬರಿ ಬಿಡಿಸುವ ಶೆಡ್ಡಿನಲ್ಲಿ ಕೆಲಸ ಮಾಡುವವಳು. ಅಂದು ಬೆಳಿಗ್ಗೆ ಮಗಳನ್ನು ಕರೆದುಕೊಂಡು, ಟ್ರಂಕು ಹೊತ್ತುಕೊಂಡು ಹಳೇಬೀಡಿಗೆ ಹೋಗಿದ್ದಳು.

“ಮಿಸ್ಸೇ, ಇವ್ಳ ಹೆಸ್ರು ಕಂಪ್ಯೂಟರ್ನಾಗೆ ಬಂದಿಲ್ವಂತೆ. ದೊಡ್ಡ ಮೇಷ್ಟ್ರು ಕೊಟ್ಟ ಟೀಸಿ ತೋರ್ಸಿದೆ. ಬರವಣಿಗೆ ಬೋ ಚೆಂದಾಗೈತೆ, ಆದ್ರೆ ನಿಮ್ಮ ಇಸ್ಕೂಲ್ನೋರು ಇವ್ಳನ್ನ ಇನ್ನೂ ಬುಟ್ಟಿಲ್ಲ ಅಂತಾವ್ರೆ.”

“ಎಷ್ಟು ಹೊತ್ತಿನವರೆಗೆ ಸಮಯ ಕೊಟ್ಟಿದ್ದಾರೆ?”

“ಇವತ್ತು ಸಂಜೆ ಆಫೀಸ್ ಮುಚ್ಚೋಗಂಟ. ಆಮ್ಯಾಕೆ ಮಂಚ ಬ್ಯಾರೆಯೋರಿಗಂತೆ. ಹೊರಗೆ ಇನ್ನೊಬ್ಳು ಹುಡ್ಗಿ ಕಾಯ್ಕಂಡು ಕುಂತವ್ಳೆ, ಅವ್ಳೂ ಟ್ರಂಕ್ ತಂದವ್ಳೆ.”

ಮಂಚ ತಪ್ಪಿದರೆ ಏನಾಗುತ್ತದೆ ಎಂಬುದನ್ನು ಅವಳು ಹೇಳಲಿಲ್ಲ, ಹೇಳುವ ಅಗತ್ಯವಿರಲಿಲ್ಲ. ನಮ್ಮ ಹಳ್ಳಿಯಿಂದ ಹೈಸ್ಕೂಲಿನ ಹೊತ್ತಿಗೆ ಹೋಗುವ ಬಸ್ಸಿಲ್ಲ. ಅರಸೀಕೆರೆಯಲ್ಲಿ ಆ ಹುಡುಗಿಯ ಚಿಕ್ಕಮ್ಮನಿದ್ದಾಳೆ. ಅವಳೂ ಕೊಬ್ಬರಿಯ ಕೆಲಸಕ್ಕೇ ಹೋಗುವವಳು, ಜೊತೆಗೆ ಒಂದು ಕೈ ಬೇಕೆಂದು ಬೇಸಿಗೆಯಿಂದಲೂ ಕೇಳುತ್ತಿದ್ದಳು. ಹಾಸ್ಟೆಲ್ ತಪ್ಪಿದರೆ ಟ್ರಂಕು ಹಳೇಬೀಡಿನಿಂದ ನೇರವಾಗಿ ಅರಸೀಕೆರೆಗೆ ಹೋಗುತ್ತಿತ್ತು.

ನಾನು ಮುಖ್ಯ ಶಿಕ್ಷಕರ ಬಳಿಗೆ ಹೋಗಿ ತಗ್ಗಿದ ಧ್ವನಿಯಲ್ಲಿ ವಿಷಯ ತಿಳಿಸಿದೆ.

“ಟೀಸಿ ಬರ್ದು ಕೊಟ್ಟಿದ್ದೀನಲ್ಲ ಮೇಡಂ. ಸೀಲು ಹಾಕಿದೀನಿ, ಸೈನ್ ಹಾಕಿದೀನಿ.”

“ಆನ್‌ಲೈನಿನಲ್ಲಿಯೂ ಬಿಡುಗಡೆ ಮಾಡಬೇಕು ಸಾರ್. ನಾನು ಆಗಲೇ ತಮಗೆ ನೆನಪಿಸಿದ್ದೆ.”

“ನೆನಪಿಸಿದ್ರಿ. ಆದ್ರೆ ಅದಕ್ಕೆ ಬಾಣಾವರದವ್ರು ಬೇಕಲ್ಲ.” ಬಾಣಾವರದವರು ಸಿಗದಿರುವುದು ಮಳೆ ಬಾರದಿರುವಂತಹ ಸಂಗತಿ ಎಂಬಂತೆ ಅವರು ಚಹಾ ಊದಿಕೊಂಡರು.

ಬಾಣಾವರದವರು ಎಂದರೆ ನಮ್ಮ ಶಾಲೆಯ ನಿವೃತ್ತ ಮುಖ್ಯ ಶಿಕ್ಷಕರು. ಮಕ್ಕಳ ದಾಖಲೆಗಳನ್ನು ಪೋರ್ಟಲಿಗೆ ಏರಿಸಿದ ಕಾಲದಲ್ಲಿ ಅವರು ತಮ್ಮ ಸ್ವಂತ ಮೊಬೈಲ್ ಸಂಖ್ಯೆಯನ್ನು ಶಾಲೆಯ ಸಂಖ್ಯೆಯೆಂದು ನೋಂದಾಯಿಸಿದ್ದರು. ಮಗುವಿನ ಹೆಸರು ತಿದ್ದಬೇಕೆಂದರೂ, ಮಗುವನ್ನು ಬೇರೆ ಶಾಲೆಗೆ ಕಳುಹಿಸಬೇಕೆಂದರೂ ಒ.ಟಿ.ಪಿ. ಆ ಸಂಖ್ಯೆಗೇ ಹೋಗುತ್ತಿತ್ತು. ಅವರು ನಿವೃತ್ತರಾದರು, ಹಾರ ಹಾಕಿಸಿಕೊಂಡರು, ಶಾಲೆಯ ಬೀಗದ ಕೈಗೊಂಚಲನ್ನು ಎಲ್ಲರ ಎದುರಿನಲ್ಲಿ ಹಸ್ತಾಂತರಿಸಿ ಕಣ್ಣೊರೆಸಿಕೊಂಡರು. ಒ.ಟಿ.ಪಿ.ಯನ್ನು ಮಾತ್ರ ತಮ್ಮೊಡನೆ ಬಾಣಾವರಕ್ಕೆ ಕೊಂಡೊಯ್ದರು. ಸಂಖ್ಯೆ ಬದಲಾಯಿಸೋಣವೆಂದು ನಾನು ಕೇಳಿದಾಗಲೆಲ್ಲ ನಮ್ಮ ಮುಖ್ಯ ಶಿಕ್ಷಕರು, “ಇರ್ಲಿ ಬಿಡಿ ಮೇಡಂ, ಹಿರಿಯರು, ಬೇಜಾರ್ ಮಾಡ್ಕತಾರೆ” ಎನ್ನುತ್ತಿದ್ದರು. ಅವರ ಗೌರವದ ಒಳಗುಟ್ಟು ತಿಳಿಯಲು ನನಗೆ ಹೆಚ್ಚು ಕಾಲ ಬೇಕಾಗಲಿಲ್ಲ. ಸಂಖ್ಯೆ ಬಾಣಾವರದಲ್ಲಿರುವವರೆಗೆ ತಪ್ಪೂ ಬಾಣಾವರದಲ್ಲಿರುತ್ತದೆ. ಒಬ್ಬರಿಗೆ ನಿವೃತ್ತಿಯ ನಂತರವೂ ಅಧಿಕಾರ, ಇನ್ನೊಬ್ಬರಿಗೆ ಸೇವೆಯಲ್ಲಿರುವಾಗಲೇ ನಿವೃತ್ತಿ.

ಸಭಾಂಗಣದ ಹೊರಗೆ ನಿಂತು ನಾನು ಬಾಣಾವರಕ್ಕೆ ಕರೆ ಮಾಡಿದೆ.

“ನಮಸ್ಕಾರ ಸಾರ್. ತಮ್ಮ ಮೊಬೈಲಿಗೆ ಈಗ ಒಂದು ಒ.ಟಿ.ಪಿ. ಬರುತ್ತದೆ. ದಯವಿಟ್ಟು ಅದನ್ನು ಓದಿ ಹೇಳುತ್ತೀರಾ?”

“ಒ.ಟಿ.ಪಿ. ಫೋನಲ್ಲಿ ಹೇಳಂಗಿಲ್ಲ ಕಣಮ್ಮ. ನಂಗೆ ತರಬೇತಿ ಆಗೈತೆ. ಬ್ಯಾಂಕಿನೋರೇ ಕೇಳಿದ್ರೂ ಹೇಳ್ಬ್ಯಾಡಿ ಅಂದವ್ರೆ.”

“ನಾನು ಬ್ಯಾಂಕಿನವಳಲ್ಲ ಸಾರ್. ತಮ್ಮ ಶಾಲೆಯವಳೇ.”

“ಅವ್ರೂ ಹಂಗೇ ಸುರು ಮಾಡೋದು, ನಿಮ್ಮೋರೇ ಅಂತ. ಧ್ವನಿ ಯಾರ್ದು ಬೇಕಾದ್ರೂ ಮಾಡ್ತಾರಂತೆ ಈಗ. ಮನೆಗ್ ಬನ್ನಿ, ಮುಖ ನೋಡಿ ಕೊಡ್ತೀನಿ.”

ಇಷ್ಟು ವರ್ಷಗಳ ತರಬೇತಿಗಳಲ್ಲಿ ಯಾರಾದರೂ ಏನನ್ನಾದರೂ ಕಲಿತಿದ್ದಾರೆಯೇ ಎಂಬ ನನ್ನ ಸಂದೇಹ ಆ ಕ್ಷಣದಲ್ಲಿ ಪರಿಹಾರವಾಯಿತು. ಅವರು ಕಲಿತಿದ್ದರು. ತಮ್ಮದಲ್ಲದ ಒ.ಟಿ.ಪಿ.ಯನ್ನು ಅದರ ನಿಜವಾದ ವಾರಸುದಾರರಿಗೂ ಹೇಳಬಾರದೆಂದು ಕಲಿತಿದ್ದರು.

ಮುಖ್ಯ ಶಿಕ್ಷಕರಿಲ್ಲದೆ ಲಾಗಿನ್ ತೆರೆಯುವುದು ಸರಿಯಲ್ಲ. ಊಟ ಬಿಟ್ಟು ಬಾಣಾವರಕ್ಕೆ ಬರಲು ಅವರಿಗೆ ಮನಸ್ಸಿರಲಿಲ್ಲ. ಮಗುವಿನ ತಾಯಿ ನೇರವಾಗಿ ಮೇಲಿನ ಕಚೇರಿಗೆ ಹೋದರೆ ತೊಂದರೆಯಾಗಬಹುದೆಂದು ನಾನು ಅತ್ಯಂತ ಗೌರವಪೂರ್ವಕವಾಗಿ ತಿಳಿಸಿದ ಮೇಲೆ ಎದ್ದರು. ಕಿಟಕಿಯ ಕಟ್ಟೆಯಿಂದ ಮೊಬೈಲನ್ನು ತೆಗೆದುಕೊಳ್ಳುವಾಗ, “ಇನ್ನೊಂದ್ ಸ್ವಲ್ಪ ಓಡಿದ್ರೆ ಸರ್ಟಿಫಿಕೇಟ್ ಬರ್ತಿತ್ತು” ಎಂದು ನೊಂದುಕೊಂಡರು.

ಹಳೇಬೀಡಿನಲ್ಲಿ ಬಸ್ಸು ನಿಂತಾಗ ತಾಯಿ ಹತ್ತಿಕೊಂಡಳು. ತಾನೂ ಬರುವುದಾಗಿ ಫೋನಿನಲ್ಲಿಯೇ ಹಟ ಹಿಡಿದಿದ್ದಳು. ಮಗಳು ಹಾಸ್ಟೆಲಿನ ಜಗುಲಿಯಲ್ಲಿ ಟ್ರಂಕಿನ ಮೇಲೆ ಕೂತಿದ್ದಾಳೆ ಎಂದಳು. “ಏಳ್ಬ್ಯಾಡ ಅಂದಿವ್ನಿ. ಎದ್ರೆ ಆ ಇನ್ನೊಬ್ಳು ಒಳಕ್ಕೋಗ್ಬುಡ್ತಾಳೆ.” ಆಮೇಲೆ ಮುಖ್ಯ ಶಿಕ್ಷಕರ ಕಡೆಗೆ ತಿರುಗಿ ಕೈಮುಗಿದು, “ನೀವೂ ಬಂದ್ರಲ್ಲ ಸಾ, ನಿಮ್ಮ ಹೊಟ್ಟೆ ತಣ್ಣಗಿರ್ಲಿ” ಎಂದಳು. ಅವರು ತಣ್ಣಗಿನ ಹೊಟ್ಟೆಯ ಮೇಲೆ ಚೀಲವಿಟ್ಟುಕೊಂಡು ಜಾವಗಲ್ ದಾಟುವವರೆಗೂ ಕಣ್ಣು ಮುಚ್ಚಿ ಕುಳಿತಿದ್ದರು.

ಸಾಮಾಜಿಕ ಸುಸ್ಥಿರತೆ ಎಂದರೇನು ಎಂಬುದನ್ನು ನಾನು ಆ ಬಸ್ಸಿನಲ್ಲಿ ನಿಘಂಟಿನ ಸಹಾಯವಿಲ್ಲದೆ ಯೋಚಿಸಿದೆ. ಊರಿನಲ್ಲಿ ಶಾಲೆಯಿದೆ, ಕಂಪ್ಯೂಟರಿದೆ, ಹಾಸ್ಟೆಲಿದೆ, ಹುಡುಗಿಗೆ ಓದುವ ಮನಸ್ಸಿದೆ, ತಾಯಿಗೆ ಓದಿಸುವ ಹಟವಿದೆ. ಇವೆಲ್ಲ ಒಂದಕ್ಕೊಂದು ತಗುಲಿಕೊಂಡು ನಿಲ್ಲಬೇಕು. ನಡುವೆ ಒಂದು ಕೊಂಡಿ ಮಾತ್ರ ನಾವು, ಸಂಬಳ ಪಡೆಯುವವರು. ಆ ಕೊಂಡಿಗೆ ತುಕ್ಕು ಹಿಡಿದಿದ್ದರೆ ಅದು ನಮಗೆ ಕಾಣುವುದಿಲ್ಲ, ಏಕೆಂದರೆ ನಮ್ಮ ಮಕ್ಕಳು ಬೇರೆ ಶಾಲೆಗಳಲ್ಲಿ ಓದುತ್ತಾರೆ. ನಮ್ಮ ಮುಖ್ಯ ಶಿಕ್ಷಕರ ಮಗನ ಟೀಸಿಗಾಗಿ ಯಾರೂ ಬಾಣಾವರಕ್ಕೆ ಹೋಗಬೇಕಾಗಿ ಬಂದಿರಲಿಲ್ಲ. ನಮಗೆ ಬಾರದಿರುವುದರಿಂದ ದಿನದ ಕೂಲಿ ಕಳೆದುಕೊಂಡು ಬಸ್ಸು ಹತ್ತುವವಳು ಯಾವಾಗಲೂ ಈ ತಾಯಿಯೇ. ಬೇಲೂರಿನ ಪರದೆಯ ಮೇಲಿನ ಆ ಮರದಲ್ಲಿ ಇವಳಿಗೆ ಒಂದು ಎಲೆಯಷ್ಟೂ ಜಾಗವಿರಲಿಲ್ಲ.

ನಿವೃತ್ತ ಮುಖ್ಯ ಶಿಕ್ಷಕರ ಮನೆ ಬಾಣಾವರದ ರೈಲು ನಿಲ್ದಾಣದ ಹತ್ತಿರವಿತ್ತು. ಅವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ನಡುಮನೆಯ ಕುರ್ಚಿಯಲ್ಲಿ ಕುಳಿತು ನಮ್ಮನ್ನು ಬರಮಾಡಿಕೊಂಡರು. ತಾಯಿ ಹೊಸ್ತಿಲ ಹೊರಗೆ ಮೆಟ್ಟಿಲಿನ ಮೇಲೆಯೇ ಕುಳಿತಳು. ಒಳಗೆ ಬಾ ಎಂದು ಮನೆಯವರು ಯಾರೂ ಕರೆಯಲಿಲ್ಲ. ನಾನು ಕರೆದೆ; ಅವಳು ಬರಲಿಲ್ಲ. ಕಾಫಿ ಬಂತು. ಅವರ ಕಾಲದಲ್ಲಿ ಶಾಲೆಯ ತೋಟ ಹೇಗಿತ್ತು, ಪ್ರಾರ್ಥನೆ ಹೇಗಿತ್ತು, ಈಗ ಎಲ್ಲವೂ ಹೇಗೆ ಕೆಟ್ಟಿದೆ ಎಂಬ ವರದಿಯಾಯಿತು. ನಮ್ಮ ಮುಖ್ಯ ಶಿಕ್ಷಕರು ಪ್ರತಿಯೊಂದಕ್ಕೂ, “ಹೌದು ಸಾರ್, ನಿಮ್ಮ ಕಾಲಾನೇ ಬೇರೆ” ಎಂದು ತಾಳ ಹಾಕಿದರು.

ನಾನು ನನ್ನ ಮೊಬೈಲಿನಲ್ಲಿ ಪೋರ್ಟಲ್ ತೆರೆದೆ. ಒ.ಟಿ.ಪಿ. ಅವರ ಮೊಬೈಲಿಗೆ ಬಂತು. ಅವರು ಕನ್ನಡಕ ಹುಡುಕಿದರು, ಒರೆಸಿಕೊಂಡರು, ಹಾಕಿಕೊಂಡರು, ಪರದೆಯನ್ನು ನಮಗೆ ಕಾಣದಂತೆ ಎದೆಗೆ ವಾಲಿಸಿಕೊಂಡು, ಹಾಜರಿ ಕೂಗುವವರಂತೆ ಒಂದೊಂದೇ ಅಂಕಿಯನ್ನು ಹೇಳಿದರು. ಅಷ್ಟರಲ್ಲಿ ಅವಧಿ ಮುಗಿದಿತ್ತು.

“ನೋಡಿದ್ರಾ? ಇದಕ್ಕೇ ನಾನು ಅವಸರ ಪಡಬಾರ್ದು ಅನ್ನೋದು” ಎಂದರು.

ಎರಡನೆಯ ಸಲ ಲಾಗಿನ್ ತೆರೆಯಿತು. ತೆರೆದ ಕೂಡಲೇ ಪರದೆಯ ಮೇಲೆ ಒಂದು ಪ್ರಶ್ನೆ ಬಂತು: ನೋಂದಾಯಿತ ಮೊಬೈಲ್ ಸಂಖ್ಯೆ ಈಗಲೂ ಮುಖ್ಯ ಶಿಕ್ಷಕರದೇ? ಹೌದು, ಇಲ್ಲ.

“ಹೌದು ಒತ್ತಮ್ಮ. ಅದು ಪ್ರತಿ ಸಲ ಕೇಳ್ತದೆ. ಹೌದು ಒತ್ತಿದ್ರೆ ಮುಂದಕ್ಕೋಗ್ತದೆ.”

ಸರ್ಕಾರದ ಯಂತ್ರವೊಂದು ಅಷ್ಟು ಸರಳವಾದ, ಅಷ್ಟು ಸಭ್ಯವಾದ ಪ್ರಶ್ನೆಯನ್ನು ಪ್ರತಿ ಸಲವೂ ಕೇಳುತ್ತಿತ್ತು. ಪ್ರತಿ ಸಲವೂ ಇಬ್ಬರು ಮುಖ್ಯ ಶಿಕ್ಷಕರು ಕೂಡಿ ಅದಕ್ಕೆ ಸುಳ್ಳು ಹೇಳುತ್ತಿದ್ದರು. ನಾನು ‘ಇಲ್ಲ’ ಒತ್ತಿದೆ.

ಹಳೆಯ ಸಂಖ್ಯೆಗೆ ಬರುವ ಒ.ಟಿ.ಪಿ.ಯಿಂದ ದೃಢಪಡಿಸಿ, ಹೊಸ ಸಂಖ್ಯೆಯನ್ನು ನಮೂದಿಸಿ, ಅಲ್ಲಿಯವರೆಗೆ ಬೇರೆ ಯಾವ ಸೇವೆಯೂ ಲಭ್ಯವಿಲ್ಲ ಎಂದು ಪರದೆ ಹೇಳಿತು.

“ಏನ್ ಮಾಡಿದ್ರಿ ಮೇಡಂ!” ನಮ್ಮ ಮುಖ್ಯ ಶಿಕ್ಷಕರು ಎದ್ದು ನಿಂತರು. “ಆ ಹುಡುಗಿ ಕೆಲ್ಸ ಮೊದ್ಲು ಮಾಡಿ ಅಂದ್ರೆ!”

“ಇದಾಗದೆ ಅದು ಆಗುವುದಿಲ್ಲ ಸಾರ್. ಹಳೆಯ ಸಂಖ್ಯೆಗೆ ಇನ್ನೊಂದು ಒ.ಟಿ.ಪಿ. ಬಂದಿರುತ್ತದೆ.”

ಬಂದಿತ್ತು. ಅದರ ಸದ್ದು ನಮಗೂ ಕೇಳಿಸಿತ್ತು. ಹಿರಿಯರು ಮೊಬೈಲನ್ನು ನೋಡಿದರು, ಏನಾಗುತ್ತಿದೆ ಎಂಬುದನ್ನು ಅರಿತರು, ಅದನ್ನು ಅಂಗಿಯ ಜೇಬಿಗೆ ಇಳಿಸಿದರು.

“ನನ್ನ ನಂಬರ್ ತೆಗೆಯೋಕೆ ನಂದೇ ಒ.ಟಿ.ಪಿ. ಬೇಕಾ ನಿಮಗೆ? ಈ ಶಾಲೆ ಕಟ್ಟಿದೋನು ನಾನು. ಹೌದು ಒತ್ತಿ, ಕೆಲ್ಸ ಮುಗಿಸ್ಕಂಡು ಹೋಗಿ.”

“ಹಿಂದಕ್ಕೆ ಹೋಗಲು ಬರುವುದಿಲ್ಲ ಸಾರ್.”

“ಹಾಗಾದ್ರೆ ನಾಳೆ ನೋಡನ.”

ಮೆಟ್ಟಿಲಿನಿಂದ ತಾಯಿ ಕೇಳಿದಳು: “ಏನಾತು ಮಿಸ್ಸೇ? ಆಫೀಸ್ನೋರು ಇನ್ನೇನು ಬಾಗ್ಲಾಕ್ತಾರೆ.”

ನಾನು ಮಾತನಾಡುವಾಗ ಎಚ್ಚರ ವಹಿಸುವವಳು. ಸಭೆಗಳಲ್ಲಿ ‘ಐತೆ’ ಎಂಬ ಪದ ನಾಲಗೆಯ ತುದಿಗೆ ಬಂದರೂ ನುಂಗಿ ‘ಇದೆ’ ಎನ್ನುತ್ತೇನೆ. ಹಿರಿಯರಿಗೆ ತಾವು ಎಂದು ಸಂಬೋಧಿಸುತ್ತೇನೆ. ವರ್ಷಗಟ್ಟಲೆ ತಿದ್ದಿಕೊಂಡ ಆ ಕನ್ನಡ ಆ ನಡುಮನೆಯಲ್ಲಿ ನನ್ನ ಕೈಬಿಟ್ಟಿತು. ನಮ್ಮವ್ವ ಕೊಬ್ಬರಿ ಮಂಡಿಯ ಮೇಸ್ತ್ರಿಯೊಡನೆ ಜಗಳಕ್ಕೆ ನಿಲ್ಲುವಾಗ ಆಡುತ್ತಿದ್ದ ಕನ್ನಡ ಬಾಯಿಗೆ ಬಂತು.

“ಸಾ, ರಿಟೇರ್ ಆಗಿ ಎಷ್ಟೊರ್ಸ ಆತು? ಇನ್ನೂ ಇಸ್ಕೂಲ್ ಬೀಗದ ಕೈನ ಉಡ್ದಾರಕ್ಕೆ ಕಟ್ಕಂಡು ಕುಂತಿದ್ದೀರಲ್ಲ! ಅಲ್ಲಿ ಆ ಕೂಸು ಟ್ರಂಕಿನ ಮ್ಯಾಲೆ ಕುಂತೈತೆ, ಎದ್ರೆ ಜಾಗ ಹೋಯ್ತದೆ ಅಂತ ಏಳ್ದೆ ಕುಂತೈತೆ. ಕೊಡ್ತೀರೋ ಇಲ್ವೋ?”

ನಮ್ಮ ಮುಖ್ಯ ಶಿಕ್ಷಕರು ಕಾಫಿ ಲೋಟದ ತಳವನ್ನು ಪರೀಕ್ಷಿಸತೊಡಗಿದರು. ಅಡುಗೆಮನೆಯಿಂದ ಹಿರಿಯರ ಹೆಂಡತಿಯ ಧ್ವನಿ ಬಂತು: “ಕೊಟ್ ಕಳ್ಸಿ ಅತ್ಲಾಗೆ. ಆ ಫೋನು ಕುಂಯ್ ಅಂದಾಗೆಲ್ಲ ಉಣ್ಣೋ ಎಲೆ ಬಿಟ್ಟು ಎದ್ದು ಓಡ್ತೀರಾ. ನನ್ನ ಮಾತಿಗೆ ಒಂದಿನಾನೂ ಎದ್ದೋರಲ್ಲ.”

ಹಿರಿಯರು ಜೇಬಿನಿಂದ ಮೊಬೈಲನ್ನು ತೆಗೆದು ಮೇಜಿನ ಮೇಲಿಟ್ಟು ಮುಖ ತಿರುಗಿಸಿಕೊಂಡರು. “ಓದ್ಕಳಿ. ನಾನಂತೂ ಹೇಳಲ್ಲ” ಎಂದರು. ಆ ಒ.ಟಿ.ಪಿ.ಯ ಮಟ್ಟಿಗೆ ಹೇಳದಿರುವ ನಿಯಮವನ್ನು ಅವರು ಕೊನೆಯವರೆಗೂ ಪಾಲಿಸಿದರು. ಅವಧಿ ಮೀರಿದ್ದರಿಂದ ಅದನ್ನು ಇನ್ನೊಮ್ಮೆ ತರಿಸಿಕೊಂಡು ನಾನೇ ಓದಿಕೊಂಡೆ.

ಇನ್ನು ಹೊಸ ಸಂಖ್ಯೆ. “ನಿಮ್ದೇ ಹಾಕ್ಕಳಿ ಮೇಡಂ” ಎಂದರು ನಮ್ಮ ಮುಖ್ಯ ಶಿಕ್ಷಕರು, ಬಹಳ ಉದಾರವಾಗಿ. “ನಿಮಗೆಲ್ಲ ಬರುತ್ತೆ. ಯಾವಾಗ್ಲೂ ಕೈಯಲ್ಲೇ ಇರುತ್ತೆ.”

ನನ್ನ ಸಂಖ್ಯೆಯನ್ನು ಹಾಕುವುದು ಸುಲಭವಾಗಿತ್ತು, ಬೇಗನೆ ಆಗುತ್ತಿತ್ತು. ಆದರೆ ನಾಳೆ ನನಗೆ ವರ್ಗಾವಣೆಯಾದರೆ? ಆಗ ಯಾವ ತಾಯಿ ಯಾವ ಊರಿನಲ್ಲಿ ನನ್ನನ್ನು ಹುಡುಕಿಕೊಂಡು ಮೆಟ್ಟಿಲಿನ ಮೇಲೆ ಕೂರಬೇಕು? ನಾನು ಅವರ ಸಂಖ್ಯೆಯನ್ನು ಹಾಕಿದೆ.

“ಅಯ್ಯೋ, ನಂದಾ? ನಂಗೆ ಬರಲ್ಲ ಅಂದ್ನಲ್ಲ!”

“ತಮ್ಮ ಮೊಬೈಲಿಗೆ ಸಂದೇಶ ಬರುತ್ತದೆ ಸಾರ್. ತೆಗೆದು ನೋಡಿ.”

ಸಂದೇಶ ಬರಲಿಲ್ಲ. ಕಾದೆವು. ಮತ್ತೆ ಕಳುಹಿಸಿದೆ, ಬರಲಿಲ್ಲ. ಅವರ ಮೊಬೈಲಿನ ಮೇಲೆ ಬಹಳ ಕಾಲದಿಂದ ಇದ್ದಿರಬಹುದಾದ ಒಂದು ಸೂಚನೆಯಿತ್ತು: ಜಾಗವಿಲ್ಲ. ತೆರೆಸಿ ನೋಡಿದರೆ ಶುಭೋದಯಗಳು. ಗುಲಾಬಿಯ ಮೇಲೆ ಇಬ್ಬನಿ, ಕಾಫಿಯ ಬಟ್ಟಲಿನಿಂದ ಏಳುವ ಸೂರ್ಯ, ಹಸುವಿನ ಮುಖದ ಪಕ್ಕದಲ್ಲಿ ಸುಭಾಷಿತ. ಅವುಗಳ ನಡುವೆ ಶಾಲೆಯ ತಟ್ಟೆ ತೊಳೆಯುವ ಮಕ್ಕಳ ಚಿತ್ರಗಳು, ತರಬೇತಿಗಳಲ್ಲಿ ಬ್ಯಾನರಿನ ಕೆಳಗೆ ನಿಂತ ಇವರದೇ ಚಿತ್ರಗಳು. ಒಬ್ಬ ಹುಡುಗಿಯ ಹೈಸ್ಕೂಲು ಶುಭೋದಯಗಳ ರಾಶಿಯಡಿಯಲ್ಲಿ ಸಿಕ್ಕಿಕೊಂಡಿತ್ತು.

“ನೀವೇ ಅಳಿಸಿ ಮೇಡಂ.”

“ತಮ್ಮ ಮೊಬೈಲ್, ಸಾರ್.” ನಾನು ಕೈ ಕಟ್ಟಿಕೊಂಡೆ. ಬೇರೆಯವರ ಮೊಬೈಲನ್ನು ತೆಗೆದುಕೊಂಡು ಕೆಲಸ ಮುಗಿಸಿಕೊಡುವುದರಲ್ಲಿ ನನ್ನ ಕೈ ಬಹಳ ಪಳಗಿತ್ತು. ಅದನ್ನು ಕಟ್ಟಿ ಹಾಕುವುದು ಕಷ್ಟವಾಗಿತ್ತು.

ಅವರು ಒಂದು ಗುಲಾಬಿಯನ್ನು ಅಳಿಸಿದರು. ಇನ್ನೊಂದನ್ನು ಅಳಿಸಿದರು. ಸೂರ್ಯನ ಬಳಿ ಬಂದು ನಿಂತರು. “ಇದು ಸಾಹೇಬ್ರು ಕಳ್ಸಿರೋದು. ಅಳಿಸಿದ್ರೆ ಅವ್ರಿಗೆ ಗೊತ್ತಾಗಲ್ವಾ?”

“ಆಗುವುದಿಲ್ಲ ಸಾರ್.”

“ಆಗಲ್ವಾ? ಡಿಜಿಟಲ್ ಅಲ್ವಾ ಮೇಡಂ?”

ಮುಖ ತಿರುಗಿಸಿಕೊಂಡಿದ್ದ ಹಿರಿಯರು ಇದನ್ನು ಕೇಳಿ ತಡೆಯಲಾರದೆ ಈ ಕಡೆಗೆ ತಿರುಗಿದರು. “ರೀ, ಒಂದೊಂದೇ ಯಾಕ್ರೀ ಒತ್ತುತ್ತೀರಾ? ಬೆರಳು ಅದುಮಿ ಹಿಡೀರಿ, ಎಲ್ಲಾ ಒಟ್ಟಿಗೆ ಆಯ್ಕೆ ಆಗ್ತದೆ. ಇಷ್ಟೂ ಬರಲ್ವಾ ನಿಮಗೆ?” ಎಂದರು. ಬಾರದವರಲ್ಲಿಯೂ ಮೇಲುಕೀಳುಗಳಿವೆ ಎಂಬುದು ನನಗೆ ಅಂದೇ ತಿಳಿದದ್ದು.

ಮುಖ್ಯ ಶಿಕ್ಷಕರು ಮುತ್ತಿನಂತಹ ಅಕ್ಷರ ಬರೆಯುವ ಆ ಬೆರಳನ್ನು ಅದುಮಿ ಹಿಡಿದರು. ಸೂರ್ಯರೂ ಹಸುಗಳೂ ಒಟ್ಟಾಗಿ ಹೋದರು. ಸ್ವಲ್ಪ ಹೊತ್ತಿಗೆ ಮೊಬೈಲು ಕುಂಯ್ ಎಂದಿತು. ಅವರು ಅದನ್ನು ಕೆಂಡದಂತೆ ಹಿಡಿದುಕೊಂಡು ಅಂಕಿಗಳನ್ನು ಓದಿದರು, ಅವಸರದಿಂದಲೇ ಓದಿದರು. ನಾನು ನನ್ನ ಮೊಬೈಲನ್ನು ಅವರ ಮುಂದಿಟ್ಟು, ಹುಡುಗಿಯ ಹೆಸರಿನ ಎದುರಿಗಿದ್ದ ‘ಬಿಡುಗಡೆ’ಯನ್ನು ತೋರಿಸಿದೆ. ಅದಕ್ಕೂ ಒಂದು ಒ.ಟಿ.ಪಿ. ಬಂತು, ಅದನ್ನೂ ಓದಿದರು, ಹಾಕಿದರು, ಒತ್ತಿದರು.

ಹೊರಗೆ ತಾಯಿ ಹಾಸ್ಟೆಲಿಗೆ ಫೋನು ಹಚ್ಚಿ ಕಿವಿಗೆ ಒತ್ತಿಕೊಂಡಿದ್ದಳು. ಬಹಳ ಹೊತ್ತು ‘ಹ್ಞೂಂ, ಹ್ಞೂಂ’ ಎನ್ನುತ್ತಿದ್ದಳು. ರೈಲೊಂದು ಹಾದುಹೋಗಿ ಏನೂ ಕೇಳಿಸದಂತಾಯಿತು. ಆಮೇಲೆ ಫೋನನ್ನು ಗಟ್ಟಿಯಾಗಿ ಕೇಳುವಂತೆ ಮಾಡಿ ನನ್ನ ಕಡೆಗೆ ಹಿಡಿದಳು.

“ಅವ್ವ, ಬಂತಂತೆ ಕಣವ್ವ. ಒಳಗ್ ಕರೆದ್ರು. ಕಿಟಕಿ ತಾವಿನ ಮಂಚ ಕೊಟ್ಟವ್ರೆ.”

“ಆ ಇನ್ನೊಬ್ಳು?”

“ಅವ್ಳೂ ಇಲ್ಲೇ ಅವ್ಳೆ. ನಾಳೆಗಂಟ ಇರು ಅಂದವ್ರೆ. ನನ್ ಮಂಚದಾಗೇ ಒತ್ತರಿಸ್ಕಂಡು ಮಲಗ್ತೀವಿ.”

ಹಿರಿಯರು ಬಾಗಿಲಿನವರೆಗೂ ಬರಲಿಲ್ಲ. ನನಗೆ ಸಂಸ್ಕಾರವಿಲ್ಲವೆಂಬ ಸುದ್ದಿ ಆ ವಾರದೊಳಗೆ ನಮ್ಮ ಸುತ್ತಿನ ಎಲ್ಲ ಶಾಲೆಗಳಿಗೂ ತಲುಪಿತು. ಯಾವ ಪೋರ್ಟಲಿನಲ್ಲೂ ಯಾವ ಮಾಹಿತಿಯೂ ಅಷ್ಟು ವೇಗವಾಗಿ, ಅಷ್ಟು ಸಂಪೂರ್ಣವಾಗಿ ವರ್ಗಾವಣೆಯಾದದ್ದನ್ನು ನಾನು ಕಂಡಿಲ್ಲ. ಓದಿದವರ ಮನೆಯ ಹೆಣ್ಣಾಗಿದ್ದರೆ ಹಾಗೆ ಮಾತನಾಡುತ್ತಿದ್ದಳೇ ಎಂದು ಯಾರೋ ಕೇಳಿದರಂತೆ. ಅಂತಹ ಮಾತಿಗೆ ನಾನು ಹಿಂದೆ ಅಳುತ್ತಿದ್ದೆ. ಈಗ ಅದನ್ನು ಹೇಳಿದವರ ಒ.ಟಿ.ಪಿ. ಯಾರ ಜೇಬಿನಲ್ಲಿದೆ ಎಂದು ಮಾತ್ರ ವಿಚಾರಿಸುತ್ತೇನೆ.

ಬಾಣಾವರದ ಬಸ್ ನಿಲ್ದಾಣದಲ್ಲಿ ಮೂವರೂ ನಿಂತಿದ್ದೆವು. ತಾಯಿ ಸೆರಗಿನಿಂದ ಕುತ್ತಿಗೆ ಒರೆಸಿಕೊಂಡು ಮುಖ್ಯ ಶಿಕ್ಷಕರನ್ನು ಕೇಳಿದಳು: “ಸಾ, ನಮ್ಮ ಎರಡನೇವ್ಳೂ ಇನ್ನೇನು ಏಳಕ್ಕೆ ಬತ್ತಾಳೆ. ಅವ್ಳದ್ಕೂ ನಾನು ಇಲ್ಲೀಗಂಟ ಬರ್ಬೇಕಾ? ಯಾರ್ ತಾವ್ಕೆ ಹೋಗ್ಲಿ ಅಂತ ಈಗ್ಲೇ ಹೇಳ್ಬುಡಿ.”

ಅವರು ನನ್ನ ಕಡೆಗೆ ನೋಡಿದರು. ನಾನು ಜಾವಗಲ್ ಬಸ್ಸು ಬರುವ ದಾರಿಯನ್ನು ನೋಡುತ್ತಿದ್ದೆ. ಅವರು ಜೇಬನ್ನು ಮುಟ್ಟಿ ನೋಡಿಕೊಂಡರು, ಕೆಮ್ಮಿದರು, ಜಮೀನು ಕಳೆದುಕೊಂಡವರ ಧ್ವನಿಯಲ್ಲಿ ಹೇಳಿದರು:

“ನನ್ ತಾವ್ಕೇ ಬಾ ಕಣವ್ವ.”